ಮೈಕ್ ಇಲ್ಲದ ಶನಿವಾರಗಳು

ನಾನು ಬೆಂಗಳೂರಿನ ಹನುಮಂತನಗರದ ಕಡೆಯ ಒಂದು ಸಣ್ಣ ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಮ್ಮಲ್ಲೊಂದು ಹಾಲ್ ಇದೆ, ಒತ್ತಿಕೊಂಡು ಕೂತರೆ 140 ಜನ ಹಿಡಿಸುತ್ತಾರೆ. ಏಳು ವರ್ಷದಿಂದ ಅಲ್ಲಿ ಫೆಬ್ರವರಿ ಕೊನೆಗೆ ಶುರು ಮಾಡಿ ನಾಲ್ಕು ಶನಿವಾರ ಸಂಜೆ ಒಂದು ಸಂಗೀತ ಕಛೇರಿ, ಒಂದು ತಾಳಮದ್ದಲೆ (ಕೂತಲ್ಲೇ ಹಾಡು, ಮಾತಿನಲ್ಲಿ ನಡೆಸುವ ಯಕ್ಷಗಾನ), ಎರಡು ಉಪನ್ಯಾಸ ನಡೆಸುತ್ತಾ ಬಂದಿದ್ದೇವೆ. ಟಿಕೆಟ್ ಇಲ್ಲ, ಯಾರು ಬೇಕಾದರೂ ಬರಬಹುದು. ಬೇರೆ ಕಾಲೇಜಿನ ಗೆಳೆಯರು "ಮೇಡಂ, ಇಷ್ಟು ಸಣ್ಣ ಜಾಗದಲ್ಲಿ ಹೇಗೆ ಮಾಡ್ತೀರಿ?" ಅಂತ ಕೇಳುತ್ತಿರುತ್ತಾರೆ. ಅವರಿಗೋಸ್ಕರ ಬರೆಯುತ್ತಿದ್ದೇನೆ.

ಮೊದಲ ವರ್ಷ ಎಲ್ಲ ತಪ್ಪೂ ಮಾಡಿದೆವು. ಐದು ಗಂಟೆಗೆ ಕಛೇರಿ ಅಂತ ಹಾಕಿ, ದೀಪ ಬೆಳಗಿಸಿ, ಸ್ವಾಗತ ಹೇಳಿ, ಅತಿಥಿಗಳ ಪರಿಚಯ ಮಾಡಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಒಬ್ಬೊಬ್ಬರೂ ಎರಡೆರಡು ಮಾತು ಆಡಿ ಮುಗಿಸುವಷ್ಟರಲ್ಲಿ ಆರೂವರೆ. ಹಾಡಬೇಕಾದವರು ಸ್ಟಾಫ್ ರೂಮಿನಲ್ಲಿ ಫ್ಲಾಸ್ಕಿನ ಬಿಸಿನೀರು ಕುಡಿಯುತ್ತಾ ಕಾದೇ ಕಾದರು. ಅವರು ವೇದಿಕೆಗೆ ಬಂದು ಶ್ರುತಿ ಹಿಡಿಯುವ ಹೊತ್ತಿಗೆ ಮುಂದಿನ ಎರಡು ಸಾಲಿನ ಹಿರಿಯರು ಎದ್ದು ಮನೆಗೆ ಹೊರಟಿದ್ದರು. ಸಂಗೀತ ಕೇಳೋಕೆ ಅಂತಲೇ ಬಂದವರು ಅವರು. ಬಾಗಿಲಲ್ಲಿ ನಿಂತು ಅವರನ್ನು ಕಳಿಸುವಾಗ ನನಗೆ ತುಂಬಾ ನಾಚಿಕೆಯಾಯಿತು.

ಮಾರನೇ ವರ್ಷದಿಂದ ಐದು ಅಂದರೆ ಐದು. ಪರಿಚಯ ಎರಡು ನಿಮಿಷ, ಅದನ್ನೂ ಒಬ್ಬ ವಿದ್ಯಾರ್ಥಿಯೇ ಮಾಡುವುದು. ಶಾಲು, ಹಣ್ಣು ಏನಿದ್ದರೂ ಕೊನೆಗೆ. ರಂಗಶಂಕರದಲ್ಲಿ 2004ರಲ್ಲಿ ಶುರುವಾದಾಗಿನಿಂದ ಹೊತ್ತಿಗೆ ಸರಿಯಾಗಿ ನಾಟಕ ಶುರು, ತಡವಾಗಿ ಬಂದವರಿಗೆ ಒಳಗೆ ಪ್ರವೇಶವಿಲ್ಲ. ನಾವು ಬಾಗಿಲು ಹಾಕುವುದಿಲ್ಲ, ಆದರೆ ಯಾರಿಗೂ ಕಾಯುವುದೂ ಇಲ್ಲ. ಪ್ರಾಂಶುಪಾಲರು ಒಂದು ಸಲ ಹತ್ತು ನಿಮಿಷ ತಡವಾಗಿ ಬಂದು, ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕೂತರು. ಅವತ್ತಿನಿಂದ ಹುಡುಗರಿಗೂ ನಂಬಿಕೆ ಬಂತು.

ಇನ್ನು ಮೈಕಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಎರಡು ವರ್ಷ ಬಾಡಿಗೆಗೆ ಸೌಂಡ್ ತರಿಸಿದೆವು. ಬಂದದ್ದು ಮದುವೆ ಮನೆಗೆ ಕಟ್ಟುವಂಥ ದೊಡ್ಡ ಡಬ್ಬಗಳು, ನಾಲ್ಕು. ಅಷ್ಟು ಚಿಕ್ಕ ಹಾಲ್‌ನಲ್ಲಿ ಅವು ಕೂಗಿಕೊಂಡವು, ಮೃದಂಗ ತಮಟೆಯ ಹಾಗೆ ಕೇಳಿಸಿತು. ಎರಡನೇ ವರ್ಷ ತಾಳಮದ್ದಲೆ ದಿನ, ವಾಲಿಯ ಅರ್ಥ, ಅಂದರೆ ಪಾತ್ರದ ಮಾತು, ಹೇಳುತ್ತಿದ್ದವರು ರಾಮನನ್ನು "ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ" ಎಂದು ಕೇಳುವ ಜಾಗಕ್ಕೆ ಬಂದಾಗಲೇ ಕರೆಂಟು ಹೋಯಿತು. ಫ್ಯಾನ್ ನಿಂತವು, ಡಬ್ಬಗಳು ಸುಮ್ಮನಾದವು. ಅರ್ಥಧಾರಿಗಳು ಮಾತು ನಿಲ್ಲಿಸಲಿಲ್ಲ. ದನಿ ಸ್ವಲ್ಪ ಎತ್ತಿದರು ಅಷ್ಟೇ. ಕಿಟಕಿಯಿಂದ ಸಂಜೆ ಬೆಳಕು ಬೀಳುತ್ತಿತ್ತು. ಹೊರಗೆ ರಸ್ತೆಯಲ್ಲಿ ಸೊಪ್ಪಿನವರು ಕೂಗಿದ್ದು ಕೇಳಿಸಿತು, ಒಳಗೆ ಕೊನೆಯ ಬೆಂಚಿನವರಿಗೂ ಪ್ರತಿ ಮಾತು ಕೇಳಿಸಿತು. ಇಪ್ಪತ್ತು ನಿಮಿಷ ಯಾರೂ ಕದಲಲಿಲ್ಲ. ಕರೆಂಟು ಬಂದಾಗ ಹಾಡುವ ಭಾಗವತರೇ ಕೈಸನ್ನೆ ಮಾಡಿ ಮೈಕ್ ಬೇಡ ಅಂದರು.

ಅವತ್ತಿನಿಂದ ನಾವು ಮೈಕ್ ಹಾಕಿಲ್ಲ. ತಾಳಮದ್ದಲೆಗೆ ವೇಷ ಇಲ್ಲ, ಕುಣಿತ ಇಲ್ಲ. ಹಾಡು, ಮದ್ದಲೆ, ಚೆಂಡೆ, ಕೂತಲ್ಲೇ ಆಡುವ ಮಾತು, ಇಷ್ಟೇ. ಅದಕ್ಕೆ ಸಣ್ಣ ಹಾಲ್‌ಗಿಂತ ಒಳ್ಳೆಯ ಜಾಗ ಎಲ್ಲಿದೆ ಹೇಳಿ? ನಮ್ಮ ಹತ್ತಿರ ಇರುವುದು ಹತ್ತಿರದಿಂದ ಕೇಳುವ ಅನುಕೂಲ. ಎರಡು ವರ್ಷ ಅದನ್ನೇ ಬಾಡಿಗೆ ಡಬ್ಬ ತಂದು ಮುಚ್ಚಿಹಾಕಿದ್ದೆವು. ಇನ್ನೊಂದು ಮಾತು, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ಆಸ್ಪತ್ರೆ, ಕೋರ್ಟು, ಶಾಲೆ-ಕಾಲೇಜುಗಳ ಸುತ್ತ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಎಂದು ಘೋಷಿಸಲು ಅವಕಾಶ ಇದೆ. ಕಾಲೇಜು ಅಂದಮೇಲೆ ಗದ್ದಲ ಮಾಡದಿರುವುದು ನಮ್ಮ ಜವಾಬ್ದಾರಿಯೂ ಹೌದು, ಅಲ್ವಾ.

ಮೈಕ್ ಬಿಟ್ಟರೆ ಕೆಲವು ಕೆಲಸ ಜಾಸ್ತಿಯಾಗುತ್ತದೆ. ಫ್ಯಾನಿನ ಸದ್ದು ದೊಡ್ಡ ಶತ್ರು. ನಮ್ಮ ಹಾಲ್‌ನ ಆರು ಫ್ಯಾನಿನಲ್ಲಿ ಎರಡು ಕಿರುಗುಟ್ಟುತ್ತಿದ್ದವು, ಎಲೆಕ್ಟ್ರಿಷಿಯನ್ ಕರೆಸಿ ಮೊದಲು ಅವನ್ನು ಸರಿಮಾಡಿಸಿದೆವು. ಕಛೇರಿ ಶುರುವಾದ ಮೇಲೆ ವೇದಿಕೆಯ ಹತ್ತಿರದ ಫ್ಯಾನ್ ಆರಿಸುತ್ತೇವೆ. ಪ್ಲಾಸ್ಟಿಕ್ ಕುರ್ಚಿ ಎಳೆದರೆ ಕಿವಿ ಕಿತ್ತುಹೋಗುತ್ತದೆ, ಅದಕ್ಕೆ ಮುಂದೆ ಜಮಖಾನ ಹಾಸಿ ಹುಡುಗರನ್ನು ನೆಲದ ಮೇಲೆ ಕೂರಿಸುತ್ತೇವೆ. ಮಂಡಿ ನೋವಿನವರಿಗೆ ಗೋಡೆಯ ಪಕ್ಕ ಕುರ್ಚಿ, ಮೊದಲೇ ಹಾಕಿಟ್ಟಿರಬೇಕು.

ಹಾಗೆ ಮುಂದೆ ಕೂತದ್ದರಿಂದಲೇ ನಮ್ಮ ಬಿಕಾಂ ಹುಡುಗಿಯೊಬ್ಬಳು ಮೃದಂಗದವರು ರವೆ ಕಲಸುವುದನ್ನು ನೋಡಿದಳು. ಸಣ್ಣ ಡಬ್ಬಿಯಿಂದ ಒಂದು ಹಿಡಿ ರವೆ ತೆಗೆದು, ನೀರು ಹಾಕಿ ನಾದಿ, ಮೃದಂಗದ ಎಡಗಡೆ ಚರ್ಮದ ನಡುವೆ ಅಂಟಿಸಿ, ಬೆರಳಿನಿಂದ ಅಂಚು ತೀಡಿ, ಒಮ್ಮೆ ಹೊಡೆದು ಕೇಳಿ, ಇನ್ನೊಂದು ಚೂರು ಸೇರಿಸಿದರು. ಎಡಗಡೆಯ ಆ ತುಂಬಿದ ನಾದ ರವೆಯಿಂದಲೇ ಬರುವುದು, ಕಛೇರಿ ಮುಗಿದ ಮೇಲೆ ಅದನ್ನು ಕೆರೆದು ತೆಗೆದುಬಿಡುತ್ತಾರೆ. "ಉಪ್ಪಿಟ್ಟಿನ ರವೇನಾ ಸಾರ್?" ಅಂತ ಅವಳು ಕೇಳಿಯೇಬಿಟ್ಟಳು. ಅವರು ಖುಷಿಯಾಗಿ ಅವಳ ಕೈಗೆ ಒಂದು ಚೂರು ಕೊಟ್ಟು, ನೀನೇ ಅಂಟಿಸಮ್ಮಾ ಅಂದರು. ಮುಂದಿನ ವರ್ಷ ಅವಳೇ ಕಛೇರಿಯ ಉಸ್ತುವಾರಿ ವಹಿಸಿಕೊಂಡಳು.

ಉಪನ್ಯಾಸಕ್ಕೂ ಇದೇ ದಾರಿ. ಬಸವನಗುಡಿ ಸುತ್ತಮುತ್ತಲ ಜನಕ್ಕೆ ಉಪನ್ಯಾಸ ಕೇಳುವ ಅಭ್ಯಾಸ ಹಳೆಯದು. ಉಪನ್ಯಾಸಗಳನ್ನು ನಡೆಸುವ ಬಿ.ಪಿ. ವಾಡಿಯಾ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆ 1945ರದು. ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಶುರು ಮಾಡಿ, ವಾರ ವಾರ ಉಪನ್ಯಾಸ ಇಡಿಸಿದರು. ಅವರಿಂದ ನಾನು ಕಲಿತದ್ದು ಒಂದೇ: ದಿನ, ಹೊತ್ತು, ಜಾಗ ಬದಲಾಯಿಸಬಾರದು. ಪೋಸ್ಟರ್ ನೋಡಿ ಬರುವವರು ಕಡಿಮೆ. ಶನಿವಾರ ಐದಕ್ಕೆ ಏನೋ ಇರುತ್ತೆ ಅಂತ ಗೊತ್ತಿದ್ದರೆ ತಾವಾಗಿ ಬರುತ್ತಾರೆ. ಆದರೂ ನಾವು ಗುರುವಾರ ಸುತ್ತಲಿನ ಎರಡು ರಸ್ತೆಯ ಮನೆಗಳಿಗೆ ಹೋಗಿ ಬಾಯಲ್ಲಿ ಹೇಳಿ ಬರುತ್ತೇವೆ. "ನಮ್ಮಂಥವರು ಕಾಲೇಜಿನ ಒಳಗೆ ಬರಬಹುದಾ?" ಅಂತ ಎಷ್ಟು ಜನ ಕೇಳಿದ್ದಾರೆ ಗೊತ್ತಾ! ಗೇಟಿನ ಎದುರೇ ಇಪ್ಪತ್ತು ವರ್ಷದಿಂದ ಹೂ ಕಟ್ಟುವ ಅಮ್ಮ ಒಳಗೆ ಕಾಲಿಟ್ಟದ್ದು ನಾವು ಹೀಗೆ ಹೋಗಿ ಕರೆದ ಮೇಲೆ.

ಆ ಅಮ್ಮ ಬಂದ ದಿನ ನಿವೃತ್ತ ಸಸ್ಯಶಾಸ್ತ್ರದ ಮೇಡಂ ಒಬ್ಬರ ಮಾತಿತ್ತು, ಊರಿನ ಮರಗಳ ಬಗ್ಗೆ. ಪರದೆ, ಸ್ಲೈಡು ಏನೂ ಇಲ್ಲ. ಒಂದು ಬುಟ್ಟಿ ತುಂಬ ಹೂವು, ಚಿಗುರು ತಂದಿದ್ದರು. ಗುಲಾಬಿ ಬಣ್ಣದ ಟಬೂಬಿಯ ಅಮೆರಿಕ ಖಂಡದ್ದು, ಗುಲ್‌ಮೊಹರ್ ಮಡಗಾಸ್ಕರಿನದು, ಹೊಂಗೆ ನಮ್ಮದೇ ಅಂತ ಒಂದೊಂದನ್ನೇ ಕೈಯಿಂದ ಕೈಗೆ ದಾಟಿಸಿದರು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಮರ ಹೂ ಮುಗಿಸುವಾಗ ಇನ್ನೊಂದು ಬಿಡುವ ಹಾಗೆ ಊರಿನ ಬೀದಿಗಳಿಗೆ ಮರ ಆರಿಸಿದ್ದನ್ನು ಹೇಳಿದರು. ಹೂವಿನ ಅಮ್ಮ ಎದ್ದು ನಿಂತು, ಹೊಂಗೆ ಹೂವು ಉದುರುವ ವಾರ ತನ್ನ ಬುಟ್ಟಿಯ ಸುತ್ತ ಜೇನು ಬರುವುದೇ ಇಲ್ಲ, ಎಲ್ಲ ಮರದ ಮೇಲೇ ಇರುತ್ತವೆ ಅಂದರು. ಮೇಡಂ ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಹಾಲ್‌ನಲ್ಲಿ ಒಂದೇ ಒಂದು ಮೈಕ್ ಇದ್ದಿದ್ದರೆ, ಅದು ಅವರ ಕೈಗೆ ಹೋಗುವಷ್ಟರಲ್ಲಿ ಅವರು ಕೂತುಬಿಡುತ್ತಿದ್ದರು.

ದಿನ ಗೊತ್ತು ಮಾಡುವಾಗ ಮೊದಲು ಪರೀಕ್ಷೆ ವೇಳಾಪಟ್ಟಿ ನೋಡಿ, ಆಮೇಲೆ ಪಂಚಾಂಗ. ರಾಮನವಮಿಗೆ ಮುಂಚೆ ಮುಗಿಸಿಬಿಡುವುದು ಒಳ್ಳೆಯದು. ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದ ರಾಮನವಮಿ ಸಂಗೀತೋತ್ಸವ ಶುರುವಾದರೆ ಕಲಾವಿದರಿಗೂ ಬಿಡುವಿರುವುದಿಲ್ಲ, ಕೇಳುವವರೂ ಅಲ್ಲೇ ಇರುತ್ತಾರೆ.

ದುಡ್ಡಿನ ಬಗ್ಗೆ. ಮೈಕ್, ಶಾಮಿಯಾನ, ಫ್ಲೆಕ್ಸ್ ಬಿಟ್ಟದ್ದರಿಂದ ಉಳಿದ ಹಣವೆಲ್ಲ ಕಲಾವಿದರಿಗೆ ಹೋಗುತ್ತದೆ. ಕಾಲೇಜು ಅಂತ ಯಾರನ್ನೂ ಪುಕ್ಕಟೆ ಕರೆಯಬೇಡಿ. ಎಷ್ಟು ಕೊಡುತ್ತೀರಿ ಅಂತ ಕರೆಯುವಾಗಲೇ ಹೇಳಿ, ಪಕ್ಕವಾದ್ಯದವರಿಗೆ ಬೇರೆ ಕವರ್ ಇಡಿ, ಹೊರಡುವ ಮುಂಚೆ ಕೈಗೆ ಕೊಡಿ, ಆಟೋ ನೀವೇ ಹಿಡಿದುಕೊಡಿ. ಚೆಕ್ ಆಮೇಲೆ ಕಳಿಸ್ತೀವಿ ಅನ್ನಬೇಡಿ. ನಮ್ಮಲ್ಲಿ ಒಂದು ಸಲ ಅದು ಎರಡು ತಿಂಗಳು ತಡವಾಯಿತು. ನಾನೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಕೊಟ್ಟು ಬಂದೆ.

ಮುಗಿದ ಮೇಲೆ ಹೆಸರುಬೇಳೆ ಕೋಸಂಬರಿ, ಪಾನಕ. ಬೇಳೆಯನ್ನು ಮಧ್ಯಾಹ್ನವೇ ನೆನೆಹಾಕಬಹುದು, ಆದರೆ ಸೌತೆಕಾಯಿ, ಉಪ್ಪು ಬಡಿಸುವ ಹೊತ್ತಿಗೇ ಬೆರೆಸಿ, ಇಲ್ಲದಿದ್ದರೆ ನೀರು ಬಿಡುತ್ತದೆ. ಪಾನಕದ ಲೋಟ ಹಿಡಿದುಕೊಂಡು ಜನ ಇನ್ನೂ ಅರ್ಧ ಗಂಟೆ ಅಲ್ಲೇ ನಿಂತು ಮಾತಾಡುತ್ತಾರೆ. ಅಷ್ಟು ಹೊತ್ತು ಬೀಗ ತೆಗೆದಿರಲಿ ಅಂತ ವಾಚ್‌ಮನ್ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ, ಅವರಿಗೂ ಒಂದು ಲೋಟ ತೆಗೆದಿಡಿ.