ಕೆನಡಾದಲ್ಲಿ ಎಸ್ಕಾರ್ಟ್ ಜಾಹೀರಾತಿಗೆ ಉತ್ತರಿಸುವ ಮುನ್ನ

ಯುಗಾದಿ ಊಟದ ಪಂಕ್ತಿಯಲ್ಲಿ ಈ ವಿಷಯವನ್ನು ಯಾರೂ ಎತ್ತುವುದಿಲ್ಲ. ಊಟ ಮುಗಿದು ಕಾರಿನ ಬಳಿ ಬಂದಾಗ ಮಾತ್ರ ಯಾವನೋ ಹುಡುಗ ಪಕ್ಕಕ್ಕೆ ಕರೆದು "ಸಾರ್, ಒಂದು ವಿಷಯ" ಎನ್ನುತ್ತಾನೆ. ಎರಡು ವರ್ಷಗಳಲ್ಲಿ ಹೀಗೆ ಕರೆದವರು ನಾಲ್ವರು. ನಾಲ್ವರದೂ ಒಂದೇ ಕಥೆ: ಎಸ್ಕಾರ್ಟ್, ಅಂದರೆ ಹಣಕ್ಕೆ ಲೈಂಗಿಕ ಸೇವೆ ಕೊಡುವವರ ಜಾಹೀರಾತಿಗೆ ಉತ್ತರಿಸಿ ವಂಚಕನ ಬೆದರಿಕೆಗೆ ಸಿಕ್ಕಿದ್ದು. ಟೊರೊಂಟೊಗೆ ಬಂದ ಮೊದಲ ಚಳಿಗಾಲದಲ್ಲಿ ನನ್ನದೂ ಅದೇ ಆಗಿತ್ತು. ಆದ್ದರಿಂದ ನಾಚಿಕೆ ಬದಿಗಿಟ್ಟು ಬರೆಯುತ್ತಿದ್ದೇನೆ.

ಮೊದಲು ಆ ಲೋಕದ ಭಾಷೆ. 'ಎಸ್‌ಪಿ' ಎಂದರೆ ನಮ್ಮ ಜಿಲ್ಲೆಯ ಎಸ್‌ಪಿ ಸಾಹೇಬರಲ್ಲ. ಸರ್ವೀಸ್ ಪ್ರೊವೈಡರ್, ಅಂದರೆ ಆ ಮಹಿಳೆ. ಪೊಲೀಸರಿಗೆ ಅಲ್ಲಿರುವ ಹೆಸರು 'ಎಲ್‌ಇ'. 'ಎಚ್‌ಎಚ್' ಅರ್ಧ ಗಂಟೆ. 'ಇನ್‌ಕಾಲ್' ಎಂದರೆ ಆಕೆಯ ಜಾಗ, 'ಔಟ್‌ಕಾಲ್' ಎಂದರೆ ಗಿರಾಕಿಯ ಜಾಗ. ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ದುಡಿದು ಬಂದಿದ್ದ ಒಬ್ಬ ಇವನ್ನು ಫೋನ್ ಕರೆಗಳೆಂದೇ ತಿಳಿದಿದ್ದ. 'ವೈಎಂಎಂವಿ' ಎಂದರೆ ಒಬ್ಬನ ಅನುಭವ ಇನ್ನೊಬ್ಬನಿಗೆ ಆಗಬೇಕೆಂದಿಲ್ಲ. 'ಎನ್‌ಸಿಎನ್‌ಎಸ್' ಎಂದರೆ ಸಮಯ ಗೊತ್ತುಮಾಡಿ ಹೇಳದೆ ಕೇಳದೆ ಕೈಕೊಟ್ಟವನು. 'ರೋಸಸ್' ಎಂದು ಬರೆದಿದ್ದರೆ ಅವು ಹೂಗಳಲ್ಲ, ಡಾಲರುಗಳು. ಚೌಕಾಸಿ ಮಾಡುವುದು, ನಿಜವಾದ ಹೆಸರು ಕೇಳುವುದು, ಇನ್ನೊಂದು ಫೋಟೊ ಕಳುಹಿಸೆಂದು ಪೀಡಿಸುವುದು, ಇವೆಲ್ಲ ಅಲ್ಲಿ ಅವಮಾನ. ಆಕೆ ಬೇಡ ಎಂದರೆ ಮಾತು ಮುಗಿಯಿತು. ಕಾರಣ ಕೇಳುವ ಹಕ್ಕು ಯಾರಿಗೂ ಇಲ್ಲ.

ಇಷ್ಟು ಕಲಿತವನು ತಾನು ಬುದ್ಧಿವಂತನಾದೆ ಎಂದುಕೊಳ್ಳುತ್ತಾನೆ. ಎಡವುವುದು ಅಲ್ಲಿಯೇ. ಕೆನಡಾದ ಸುಪ್ರೀಂ ಕೋರ್ಟ್ 2013ರಲ್ಲಿ ಈ ವೃತ್ತಿಯ ಬಗೆಗಿನ ಹಳೆಯ ಕಾನೂನನ್ನು ಹೊಡೆದುಹಾಕಿತು. 2014ರ ಡಿಸೆಂಬರಿನಲ್ಲಿ ಹೊಸದು ಬಂತು. ಅದರ ಪ್ರಕಾರ ಮಹಿಳೆ ತನ್ನ ಸೇವೆಯನ್ನು ಮಾರಿದರೆ, ತಾನೇ ಅದರ ಜಾಹೀರಾತು ಕೊಟ್ಟರೆ ಆಕೆಗೆ ಶಿಕ್ಷೆಯಿಲ್ಲ. ಕೊಳ್ಳುವುದು ಅಪರಾಧ. ಕೊಳ್ಳುವ ಉದ್ದೇಶದಿಂದ ಮಾತನಾಡುವುದೂ ಅಪರಾಧ. ಭೇಟಿಯಾಗಬೇಕಿಲ್ಲ, ಹಣ ಕೈಬದಲಾಗಬೇಕಿಲ್ಲ, ನೀವು ಕಳುಹಿಸಿದ ಸಂದೇಶವೇ ಸಾಕು. ಹೂವು ಎಂದು ಬರೆದರೆ ನ್ಯಾಯಾಧೀಶರಿಗೆ ಅರ್ಥವಾಗುವುದಿಲ್ಲ ಎಂದುಕೊಂಡರೆ ಅದು ನಿಮ್ಮ ಮುಗ್ಧತೆ. ಟೊರೊಂಟೊದ ಉತ್ತರಕ್ಕಿರುವ ಯಾರ್ಕ್ ಪ್ರದೇಶದ ಪೊಲೀಸರು 2014ರಿಂದ 2017ರವರೆಗೆ ತಾವೇ ಇಂಥ ಜಾಹೀರಾತು ಹಾಕಿ, ಹುಡುಗಿಯ ಸೋಗಿನಲ್ಲಿ ಮಾತನಾಡುತ್ತ ನಡುವೆ ತಾನು ಅಪ್ರಾಪ್ತೆ ಎಂದು ತಿಳಿಸಿ, ಆಮೇಲೂ ಮುಂದುವರಿದು ಬಂದ 104 ಗಂಡಸರನ್ನು ಹಿಡಿದರು. ಅದು ಅಕ್ರಮ ಬಲೆಯಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು.

ಮೊದಲ ಸಲಕ್ಕೆ ಕನಿಷ್ಠ ದಂಡ 500 ಡಾಲರ್. ಅಷ್ಟೇ ತಾನೇ ಎನ್ನಬೇಡಿ. ವಲಸೆ ಕಾನೂನು ಇದನ್ನು ಸಣ್ಣ ಅಪರಾಧವೆಂದು ಎಣಿಸುವುದೇ ಇಲ್ಲ. ಶಿಕ್ಷೆಯಾದರೆ ವಿದ್ಯಾರ್ಥಿಯಾಗಿ ಅಥವಾ ವರ್ಕ್ ಪರ್ಮಿಟ್ ಮೇಲೆ ಇರುವವನು ಇಲ್ಲಿ ಉಳಿಯುವ ಅರ್ಹತೆಯನ್ನೇ ಕಳೆದುಕೊಳ್ಳಬಹುದು.

ಈ ಭಯವೇ ವಂಚಕನ ಬಂಡವಾಳ. ನನಗಾದದ್ದನ್ನು ಹೇಳುತ್ತೇನೆ. ಜಾಹೀರಾತಿಗೆ ಉತ್ತರಿಸಿದೆ. ಸುರಕ್ಷತೆಗಾಗಿ 'ಸ್ಕ್ರೀನಿಂಗ್' ಎಂದು ಉದ್ಯೋಗದ ವಿವರ ಕೇಳಿದರು. ಲಿಂಕ್ಡ್‌ಇನ್ ಪುಟ ಕೊಟ್ಟೆ. 100 ಡಾಲರ್ ಮುಂಗಡ ಕೇಳಿದರು. ಇಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳುಹಿಸುವ ಇಂಟರಾಕ್ ಇ-ಟ್ರಾನ್ಸ್‌ಫರ್ ಮಾಡಿದೆ. ನಿಜವಾದ ಮಹಿಳೆಯರೂ ತಮ್ಮ ಜೀವ ಕಾಪಾಡಿಕೊಳ್ಳಲು ಹೀಗೆ ಕೇಳುವುದುಂಟು, ಅದಕ್ಕೇ ನಂಬಿದೆ. ಹಣ ಕಳುಹಿಸುವಾಗ ಪರದೆಯ ಮೇಲೆ ಬಂದ ಹೆಸರು ಗಂಡಸಿನದು. ಆಗಲೇ ನಿಲ್ಲಿಸಬೇಕಿತ್ತು. ಆ ಖಾತೆಗೆ ಆಟೊಡೆಪಾಸಿಟ್ ಇತ್ತು, ಅಂದರೆ ಬಂದ ಹಣ ತಾನಾಗಿಯೇ ಜಮೆಯಾಗುವ ವ್ಯವಸ್ಥೆ. ಅಂಥ ಖಾತೆಗೆ ಹೋದ ಹಣವನ್ನು ರದ್ದು ಮಾಡಲಾಗುವುದಿಲ್ಲ. ಜೊತೆಗೆ ಬ್ಯಾಂಕಿನಲ್ಲಿರುವ ನನ್ನ ಹೆಸರೂ ಅವನಿಗೆ ತಲುಪಿತು. ಅರ್ಧ ಗಂಟೆಯಲ್ಲಿ ದನಿ ಬದಲಾಯಿತು: ಹುಡುಗಿಯ ಸಮಯ ಹಾಳುಮಾಡಿದೆ, ಇನ್ನೂ 500 ಕಳುಹಿಸು, ಇಲ್ಲವಾದರೆ ನಿನ್ನ ಮ್ಯಾನೇಜರಿಗೆ ಎಲ್ಲ ಹೋಗುತ್ತದೆ. ಕಳುಹಿಸಿದೆ. ಮರುದಿನ 800 ಕೇಳಿದ. ಕೊಟ್ಟವನೇ ಕಾಮಧೇನು, ಕೊಡದವನನ್ನು ಅವನು ಬಿಟ್ಟು ಮುಂದೆ ಹೋಗುತ್ತಾನೆ ಎಂಬುದು 600 ಡಾಲರ್ ಕಳೆದ ಮೇಲೆ ತಿಳಿಯಿತು.

ಈಗಾಗಲೇ ಸಿಕ್ಕಿಬಿದ್ದಿದ್ದರೆ ಇನ್ನು ಒಂದು ಡಾಲರೂ ಕಳುಹಿಸಬೇಡಿ. ಸಂದೇಶಗಳ ಚಿತ್ರ ತೆಗೆದಿಟ್ಟುಕೊಂಡು ಸಂಖ್ಯೆಯನ್ನು ಬ್ಲಾಕ್ ಮಾಡಿ, ಬ್ಯಾಂಕಿಗೆ ತಿಳಿಸಿ. ಬೆದರಿಸಿ ಹಣ ಕೀಳುವುದಕ್ಕೆ ಇಲ್ಲಿ ಜೀವಾವಧಿಯವರೆಗೂ ಶಿಕ್ಷೆಯಿದೆ. ಆದರೆ ಪೊಲೀಸರ ಬಳಿಗೆ ಹೋಗುವ ಮೊದಲು ವಕೀಲರನ್ನು ಕಾಣಿ, ಏಕೆಂದರೆ ಹೇಳಬೇಕಾದ ಕಥೆಯಲ್ಲಿ ನಿಮ್ಮ ತಪ್ಪೂ ಇದೆ.

ನನ್ನನ್ನು ಕೇಳಿದರೆ, 2003ರಲ್ಲಿ ಈ ವೃತ್ತಿಯನ್ನು ಅಪರಾಧದ ಪಟ್ಟಿಯಿಂದಲೇ ತೆಗೆದ ನ್ಯೂಜಿಲೆಂಡಿನ ದಾರಿ ಇದಕ್ಕಿಂತ ನೇರ. ಅಂಗಡಿಯ ಬಾಗಿಲು ತೆರೆದಿಟ್ಟು ಗಿರಾಕಿಯನ್ನು ಹಿಡಿಯುವ ಕೆನಡಾದ ಪದ್ಧತಿಯಲ್ಲಿ ಆ ಮಹಿಳೆಯೂ ಕತ್ತಲಲ್ಲೇ ವ್ಯವಹರಿಸಬೇಕಾಗುತ್ತದೆ. ಜಗಳವಾಡುವವರು ಆಡಲಿ.

ಇನ್ನೊಂದು ಮಾತು. ಸಂಜೆ ಕಾರು ಓಡಿಸಿದರೆ ಸಾಕು, ಕೈಗೆ ನಗದು ಎಂದು ಎಸ್ಕಾರ್ಟ್ ಏಜೆನ್ಸಿಗಳು ವಿದ್ಯಾರ್ಥಿಗಳನ್ನು ಕರೆಯುವುದುಂಟು. ವಿದೇಶಿ ವಿದ್ಯಾರ್ಥಿಗಳೂ ಕೆಲಸಗಾರರೂ ಎಸ್ಕಾರ್ಟ್ ಸೇವೆ ಕೊಡುವ ಸಂಸ್ಥೆಗಳಲ್ಲಿ ದುಡಿಯುವಂತಿಲ್ಲ. ವರ್ಕ್ ಪರ್ಮಿಟ್ ಕಾಗದದಲ್ಲಿ ಅದನ್ನು ಮುದ್ರಿಸಿಯೇ ಕೊಟ್ಟಿರುತ್ತಾರೆ; ವಿಮಾನ ನಿಲ್ದಾಣದಲ್ಲಿ ಮಡಿಸಿಟ್ಟದ್ದನ್ನು ಒಮ್ಮೆ ಬಿಡಿಸಿ ಓದಿ.