ರಿಮೋಟ್ ಕೀಯ ಬಿಲ್ಲೆ ಬ್ಯಾಟರಿ: ಮನೆಯಲ್ಲೇ ಬದಲಿಸಿ, ಹಳೆಯದರ ಮೇಲೆ ಕಣ್ಣಿಡಿ

ಕಾರಿನ ರಿಮೋಟ್ ಕೀ ಹೇಳದೆ ಕೇಳದೆ ಕೈಕೊಡುವುದು ಅಪರೂಪ. ಗೇಟಿನ ಬಳಿಯಿಂದಲೇ ಒತ್ತಿದರೆ ತೆರೆದುಕೊಳ್ಳುತ್ತಿದ್ದ ಬಾಗಿಲು, ಈಗ ಕಾರಿನ ಪಕ್ಕದಲ್ಲೇ ನಿಂತು ಎರಡು ಮೂರು ಸಲ ಒತ್ತಿದರಷ್ಟೇ ‘ಟಕ್’ ಎನ್ನುತ್ತದೆ. ಕೀ ಮೇಲಿನ ಪುಟ್ಟ ದೀಪ ಮಂಕಾಗುತ್ತದೆ. ಹೊಸ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನಲ್ಲೇ ಎಚ್ಚರಿಕೆ ಮೂಡುತ್ತದೆ. ನಮ್ಮ ಮನೆಯ ಮಕ್ಕಳಿಗೆ ಇದ್ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಧರ್ಮಸ್ಥಳದ ಪಾರ್ಕಿಂಗ್‌ನಲ್ಲಿ ನಿಂತು ‘ಅಪ್ಪಾ, ಕಾರು ತೆರೆಯುತ್ತಿಲ್ಲ’ ಎಂದು ಫೋನು ಮಾಡುತ್ತಾರೆ.

ಗಾಬರಿ ಬೇಡ. ಬ್ಯಾಟರಿ ಸತ್ತರೂ ಕಾರು ಹೊರಡುತ್ತದೆ. ಬಿಲ್ಲೆ ಇರುವುದು ದೂರದಿಂದ ಸಂಕೇತ ಕಳುಹಿಸುವುದಕ್ಕೆ ಮಾತ್ರ. ಎಂಜಿನ್‌ಗೆ ಅಪ್ಪಣೆ ಕೊಡುವ ಇಮ್ಮೊಬಿಲೈಸರ್ ಚಿಪ್ಪಿಗೆ ಬ್ಯಾಟರಿಯ ಹಂಗಿಲ್ಲ. ಹತ್ತಿರ ಹಿಡಿದರೆ ಕಾರಿನಿಂದಲೇ ಅದಕ್ಕೆ ಬೇಕಾದಷ್ಟು ಶಕ್ತಿ ಸಿಗುತ್ತದೆ. ಗುಂಡಿ ಒತ್ತಿ ಎಂಜಿನ್ ಚಾಲೂ ಮಾಡುವ ಕಾರುಗಳ ಸ್ಮಾರ್ಟ್ ಕೀಯ ಹೊಟ್ಟೆಯಲ್ಲಿ ಲೋಹದ ಕೀ ಒಂದಿರುತ್ತದೆ. ಬದಿಯ ಗುಂಡಿ ಒತ್ತಿ ಎಳೆದರೆ ಈಚೆ ಬರುತ್ತದೆ. ಚಾಲಕನ ಬಾಗಿಲಿನ ಹಿಡಿಯಲ್ಲಿ ಅದಕ್ಕೊಂದು ಕಿಂಡಿ ಇದೆ, ಕೆಲವು ಕಾರುಗಳಲ್ಲಿ ಪ್ಲಾಸ್ಟಿಕ್ ಮುಚ್ಚಳದ ಅಡಿಯಲ್ಲಿ. ತೆರೆದಾಗ ಅಲಾರಂ ಕೂಗಿದರೆ ಕೂಗಲಿ, ಎಂಜಿನ್ ಚಾಲೂ ಆದರೆ ನಿಲ್ಲುತ್ತದೆ. ಒಳಗೆ ಕುಳಿತು ಕೀಯನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿಕೊಂಡು, ಬ್ರೇಕ್ ಅಥವಾ ಕ್ಲಚ್ ತುಳಿದು ಒತ್ತಿ. ಕೆಲವು ಮಾದರಿಗಳಲ್ಲಿ ಕೀ ಇಡಬೇಕಾದ ಜಾಗ ಬೇರೆ ಇರುತ್ತದೆ. ಕಾರಿನ ಕೈಪಿಡಿ ಇರುವುದು ವಿಮೆಯ ಕಾಗದ ಒತ್ತಿಡುವುದಕ್ಕಲ್ಲ, ಆ ಒಂದು ಪುಟವನ್ನಾದರೂ ಓದಿಕೊಳ್ಳಿ.

ಬ್ಯಾಟರಿ ಕೊಳ್ಳುವಾಗ ಹಳೆಯದರ ಮೇಲಿನ ಅಂಕಿಯನ್ನು ನೋಡಿಯೇ ತನ್ನಿ. ಹೆಚ್ಚಿನ ಕೀಗಳಲ್ಲಿರುವುದು ಸಿಆರ್2032: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್2025 ಅಷ್ಟೇ ಅಗಲ, ದಪ್ಪ ಮಾತ್ರ 2.5 ಮಿಲಿಮೀಟರ್. ಎರಡೂ 3 ವೋಲ್ಟ್ ಆದ್ದರಿಂದ ‘ಯಾವುದಾದರೂ ನಡೆಯುತ್ತದೆ ಸಾರ್’ ಎನ್ನುವ ಅಂಗಡಿಯವರಿದ್ದಾರೆ. ನಡೆಯುವುದಿಲ್ಲ. ತೆಳುವಾದದ್ದು ಒಳಗೆ ಸಡಿಲವಾಗಿ ಕೂತು, ಕೀ ಒಮ್ಮೆ ಕೆಲಸ ಮಾಡಿ ಇನ್ನೊಮ್ಮೆ ಮುಷ್ಕರ ಹೂಡುತ್ತದೆ. ಎಲ್ಐಆರ್2032 ಎಂದು ಬರೆದದ್ದು ರೀಚಾರ್ಜ್ ಮಾಡುವಂಥದ್ದು. ಪೂರ್ತಿ ಚಾರ್ಜ್ ಆದಾಗ ಅದರಲ್ಲಿ 4.2 ವೋಲ್ಟ್ ಇರುತ್ತದೆ, ಕೀಗೆ ಸಲ್ಲದು. ಒಳ್ಳೆಯ ಕಂಪನಿಯ, ಸೀಲ್ ಒಡೆಯದ ಪೊಟ್ಟಣವನ್ನೇ ಕೇಳಿ, ದಿನಾಂಕ ನೋಡಿ. ಬೀರುವಿನಲ್ಲಿಟ್ಟ ಎರಡನೆಯ ಕೀ ಬಳಸದಿದ್ದರೂ ಅದರ ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಎರಡು ತಂದು ಎರಡಕ್ಕೂ ಹಾಕಿ.

ಬಿಚ್ಚುವ ಕೆಲಸವನ್ನು ಮೇಜಿನ ಮೇಲೆ ಟವೆಲ್ ಹಾಸಿಕೊಂಡು ಮಾಡಿ, ಉದುರಿದ್ದು ಉರುಳಿಹೋಗುವುದಿಲ್ಲ. ಕೀಯ ಅಂಚಿನಲ್ಲಿ, ಸಾಮಾನ್ಯವಾಗಿ ಲೋಹದ ಕೀ ಎಳೆದ ಜಾಗದಲ್ಲಿ, ಒಂದು ಸಣ್ಣ ಸೀಳು ಕಾಣುತ್ತದೆ. ಚಪ್ಪಟೆ ಸ್ಕ್ರೂಡ್ರೈವರ್ ತುದಿಗೆ ತೆಳುಬಟ್ಟೆ ಸುತ್ತಿ ಅಲ್ಲಿ ಇಟ್ಟು ಮೆಲ್ಲಗೆ ತಿರುಗಿಸಿ. ತರಕಾರಿ ಹೆಚ್ಚುವ ಚಾಕು ಬೇಡವೇ ಬೇಡ; ಜಾರಿದರೆ ಸೀಳುವುದು ಅಂಗೈಯನ್ನೇ. ಕೀಯ ಹೊರಕವಚ ಎರಡಾದ ಕೂಡಲೇ ಏನನ್ನೂ ಮುಟ್ಟದೆ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ರಬ್ಬರಿನ ಗುಂಡಿಪಟ್ಟಿ ಯಾವ ಮಗ್ಗುಲಿಗಿತ್ತು, ಬಿಲ್ಲೆಯ ಯಾವ ಮುಖ ಮೇಲಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಕೆಲವು ಹಳೆಯ ಕೀಗಳಲ್ಲಿ ಇಮ್ಮೊಬಿಲೈಸರ್ ಚಿಪ್ ಕವಚದ ಮೂಲೆಯಲ್ಲಿ ಬೇರೆಯಾಗಿಯೇ ಕೂತಿರುತ್ತದೆ, ಅಕ್ಕಿಕಾಳಿಗಿಂತ ತುಸು ದೊಡ್ಡದು. ಅದು ಕಳೆದುಹೋದರೆ ಬಾಗಿಲು ತೆರೆದೀತು, ಎಂಜಿನ್ ಚಾಲೂ ಆಗದು.

ಹಳೆಯ ಬಿಲ್ಲೆಯನ್ನು ಎಬ್ಬಿಸಲು ಕಡ್ಡಿಪೊರಕೆಯ ಒಂದು ಕಡ್ಡಿ ಸಾಕು. ಸ್ಟೀಲಿನ ಚಿಮಟ ಎರಡು ಮುಖಗಳಿಗೂ ತಾಗಿದರೆ ಶಾರ್ಟ್ ಆಗುತ್ತದೆ. ಹೊಸದನ್ನು ಅಂಚಿನಲ್ಲಿ ಹಿಡಿಯಿರಿ. ಬೆರಳಿನ ಜಿಡ್ಡು ತಾಗಿದ್ದರೆ ಒಣಬಟ್ಟೆಯಿಂದ ಒರೆಸಿ. ಪ್ಲಸ್ ಗುರುತು ಯಾವಾಗಲೂ ಮೇಲಕ್ಕೇ ಇರಬೇಕು ಎಂದುಕೊಳ್ಳಬೇಡಿ, ಎಷ್ಟೋ ಕೀಗಳಲ್ಲಿ ಅದು ಕೆಳಮುಖ. ಮುಚ್ಚುವಾಗ ಸುತ್ತಲೂ ಒತ್ತುತ್ತಾ ಬನ್ನಿ, ಸಂದು ಉಳಿದರೆ ಮಳೆಗಾಲದಲ್ಲಿ ನೀರು ಇಳಿಯುತ್ತದೆ. ಬ್ಯಾಟರಿ ಬದಲಿಸಿದ ಮಾತ್ರಕ್ಕೆ ಸಾಮಾನ್ಯವಾಗಿ ಹೊಸದಾಗಿ ಪ್ರೋಗ್ರಾಮಿಂಗ್ ಮಾಡಿಸಬೇಕಾಗಿಲ್ಲ. ಕೀ ಮಿಸುಕದಿದ್ದರೆ ದುಡ್ಡು ತೆರುವ ಮೊದಲು ಬಿಲ್ಲೆ ತಿರುವುಮುರುವಾಗಿದೆಯೇ, ಒಳಗಿನ ಲೋಹದ ನಾಲಿಗೆ ಅದಕ್ಕೆ ತಾಗುತ್ತಿದೆಯೇ ಎಂದು ನೋಡಿ.

ಇನ್ನು ಹಳೆಯ ಬಿಲ್ಲೆ. ಎಲ್ಲಕ್ಕಿಂತ ಜೋಪಾನ ಬೇಕಿರುವುದು ಇಲ್ಲಿ. ತೆಗೆದದ್ದನ್ನು ಟಿವಿ ಪಕ್ಕದಲ್ಲೋ ಕಿಟಕಿಯ ಕಟ್ಟೆಯಲ್ಲೋ ಇಟ್ಟು ಮರೆಯುವವರೇ ಹೆಚ್ಚು. ಕೀಗೆ ಸಾಲದಷ್ಟು ಇಳಿದ ಬಿಲ್ಲೆಯಲ್ಲೂ ಮಗುವಿನ ಗಂಟಲು ಸುಡುವಷ್ಟು ಶಕ್ತಿ ಉಳಿದಿರುತ್ತದೆ. ಈ ಅಗಲದ ಬಿಲ್ಲೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಗಂಭೀರ ಸುಟ್ಟಗಾಯವಾಗಬಹುದು. ಕಾಸು ನುಂಗಿದ ಮಗುವಿಗೆ ಬಾಳೆಹಣ್ಣು ತಿನ್ನಿಸಿ ಕಾಯುವ ರೂಢಿ ನಮ್ಮಲ್ಲಿದೆ. ಇದಕ್ಕೆ ಅದು ಸಲ್ಲದು, ವಾಂತಿಯನ್ನೂ ಮಾಡಿಸಬಾರದು. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ತಕ್ಷಣ ದೊಡ್ಡ ಆಸ್ಪತ್ರೆಗೆ ಓಡಿ. ಎಕ್ಸ್-ರೇಯಲ್ಲಿ ಇದು ನಾಣ್ಯದಂತೆ ಕಾಣುವುದರಿಂದ ‘ಬಟನ್ ಬ್ಯಾಟರಿ’ ಎಂದು ವೈದ್ಯರಿಗೆ ಬಿಡಿಸಿ ಹೇಳಿ. ಒಂದು ವರ್ಷ ದಾಟಿದ, ನುಂಗಲು ಶಕ್ತವಾಗಿರುವ ಮಗುವಾದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಅದು ಗಾಯವನ್ನು ತುಸು ತಡೆಯುತ್ತದೆ. ಜೇನು ಕೈಗೆ ಸಿಗದಿದ್ದರೆ ಹುಡುಕುತ್ತಾ ನಿಲ್ಲಬೇಡಿ.

ಆದ್ದರಿಂದ ತೆಗೆದ ಕೂಡಲೇ ಬಿಲ್ಲೆಯ ಎರಡೂ ಮುಖಕ್ಕೆ ಸೆಲ್ಲೋಟೇಪ್ ಸುತ್ತಿ, ಮಕ್ಕಳ ಕೈಗೆಟುಕದ ಅಟ್ಟದ ಮೇಲಿನ ಡಬ್ಬಿಗೆ ಹಾಕಿ. ಟೇಪ್ ಸುತ್ತಿದರೆ ಡಬ್ಬಿಯೊಳಗೆ ಒಂದಕ್ಕೊಂದು ತಾಗಿ ಬಿಸಿಯೇರುವ ಭಯವೂ ಇಲ್ಲ. ನಾಲ್ಕಾರು ಕೂಡಿದಾಗ ಹಸಿಕಸದ ಜೊತೆ ಸೇರಿಸದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.