ನಮಗೆ ಜ್ವರ, ಪಾದರಸಕ್ಕೆ ಖುಷಿ

‘ಗ್ಗು’ ಅಕ್ಷರದಿಂದ ಶುರುವಾಗುವ ಪದ ಕನ್ನಡದಲ್ಲಿಲ್ಲ. ಇದು ನನಗೆ ಚೆನ್ನಾಗಿ ಮನದಟ್ಟಾದದ್ದು ಕಳೆದ ಡಿಸೆಂಬರ್‌ನಲ್ಲಿ, ನಮ್ಮ ಸಂಘದ ಪತ್ರಿಕೆಗೆ ಪದಬಂಧ ಕಟ್ಟುವಾಗ.

ಡಿಸೆಂಬರ್ 21 ಪದಬಂಧದ ಹುಟ್ಟುಹಬ್ಬ. 1913ರಲ್ಲಿ ಅದೇ ದಿನ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಅವರ ವಜ್ರದಾಕಾರದ ಪದಬಂಧ ಬಂತು. ಅದರಲ್ಲಿ ಮೇಲ್ಗಡೆ ಒಂದು ಪದವನ್ನು ಮೊದಲೇ ತುಂಬಿಕೊಟ್ಟಿದ್ದರು: ‘ಫನ್’. ಹೊಸ ಆಟ ಕಂಡುಹಿಡಿದವರು ಮೊದಲು ಬರೆದ ಪದವೇ ಮೋಜು! ಅದಕ್ಕೇ ನಾನೂ ಆವಿಷ್ಕಾರ, ಉಲ್ಲಾಸ ಎರಡನ್ನೂ ಸೇರಿಸಿ ಒಂದು ಪದಬಂಧ ಮಾಡೋಣ ಅಂದುಕೊಂಡೆ.

ಒಂದು ಪಟ್ಟಿಯಲ್ಲಿ ಮಗ್ಗ, ಗಡಿಯಾರ, ದೂರವಾಣಿ. ಇನ್ನೊಂದರಲ್ಲಿ ಹಿಗ್ಗು, ಆನಂದ, ಗೆಲುವು. ಎಡದಿಂದ ಬಲಕ್ಕೆ ಹಿಗ್ಗು, ಮೇಲಿನಿಂದ ಕೆಳಕ್ಕೆ ಮಗ್ಗ, ಎರಡಕ್ಕೂ ಕೊನೆಯ ಮನೆ ಒಂದೇ ಅಂತ ಖುಷಿಯಲ್ಲಿ ಬರೆದೆ. ಆಮೇಲೆ ಕಂಡಿತು, ಒಂದಕ್ಕೆ ‘ಗ್ಗು’ ಬೇಕು, ಇನ್ನೊಂದಕ್ಕೆ ‘ಗ್ಗ’. ಇಂಗ್ಲಿಷಿನವರಿಗೆ 26 ಅಕ್ಷರ ಸಾಕು. ನಮ್ಮಲ್ಲಿ ಒತ್ತು, ಗುಣಿತ, ಸೊನ್ನೆ ಎಲ್ಲ ಸೇರಿ ಒಂದೇ ಮನೆಯಲ್ಲಿ ಕೂರಬೇಕು. ಬಗ್ಗು, ನುಗ್ಗು, ಮಗ್ಗುಲು ಅಂತ ಒಂದೊಂದೇ ಬರೆದು ಅಳಿಸಿದೆ. ಕಾಗದ ತೂತು ಬೀಳುವ ಹೊತ್ತಿಗೆ ‘ಕುಗ್ಗು’ ಹೊಳೆಯಿತು. ಹಿಗ್ಗು, ಕುಗ್ಗು ಎರಡೂ ಒಂದೇ ಮನೆ ಹಂಚಿಕೊಂಡವು. ಮಗ್ಗ ಬೇರೆ ಮೂಲೆಗೆ ಹೋಯಿತು.

ಸುಳಿವು ಬರೆಯುವಾಗ ಮಾತ್ರ ಕನ್ನಡ ಕೈತುಂಬ ಕೊಟ್ಟಿತು. ಹಿಗ್ಗಿಗೆ ಸುಮ್ನೆ ‘ಸಂತೋಷ (2)’ ಅಂತ ಬರೆದರೆ ಸಪ್ಪೆ, ಅಲ್ವಾ? ಕಾಯಿಸಿದರೆ ಲೋಹವೂ ಹಿಗ್ಗುತ್ತದೆ. ಥರ್ಮಾಮೀಟರ್‌ನಲ್ಲಿ ಪಾದರಸ ಏರುವುದೂ ಹಿಗ್ಗಿಯೇ. ಹಾಗಾಗಿ ‘ನಮಗೆ ಜ್ವರ ಬಂದರೆ ಪಾದರಸಕ್ಕೆ ಖುಷಿ (2)’. ಮೊದಲು ‘ಆನಂದ’ ಅಂತಲೇ ಬರೆದಿದ್ದೆ, ಆದರೆ ಅದು ಇನ್ನೊಂದು ಕಡೆ ಉತ್ತರವಾಗಿತ್ತು. ಅಲ್ಲಿಗೆ ಕೊಟ್ಟ ಸುಳಿವು ‘ಆ ಕೃಷ್ಣನ ಸಾಕುತಂದೆಯ ಸಂತೋಷ (3)’. ಆ, ನಂದ.

ಗೆಲುವಿಗೆ ಎರಡು ಅರ್ಥ ಮೊದಲೇ ಇದೆ: ‘ಆಟದಲ್ಲಿ ಸಿಗುವುದು, ಮುಖದಲ್ಲಿ ಕಾಣುವುದು (3)’. ದೂರವಾಣಿಗೆ 1876ರಲ್ಲಿ ಪೇಟೆಂಟ್ ಪಡೆದವರು ಬೆಲ್. ‘ಬೆಲ್‌ನಿಂದ ಬಂದ, ಹತ್ತಿರವಿಲ್ಲದ ಸರಸ್ವತಿ (4)’. ಹೆಸರೇ ಬೆಲ್ ಆಗಿರುವಾಗ ಬಿಡುವುದುಂಟೇ?

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ‘ಎಲ್ಲೆ ಯಾರದು? ಮುಳ್ಳು ನೋಡಿ ಹೇಳಿ (4)’. ಅಚ್ಚಿಗೆ ಕೊಡುವ ಮೊದಲು ಅಮ್ಮನಿಗೆ ತೋರಿಸಿದೆ. “ಬೇಲಿ ಜಗಳ ಇರಬೇಕು ಕಣೋ” ಅಂದಳು. ಬೇಲಿಗೆ ಎರಡೇ ಮನೆ. ಸರಹದ್ದು ಅಂದಳು, ಅದಕ್ಕೆ ನಾಲ್ಕು ಮನೆ ಸರಿ, ಆದರೆ ಮೂರನೆಯದರಲ್ಲಿ ಆಗಲೇ ‘ಯಾ’ ಇತ್ತು. ಒಳಗೆ ಅನ್ನಕ್ಕೆ ಇಟ್ಟಿದ್ದಳು. ಎಷ್ಟು ಹೊತ್ತಾಯಿತು ಅಂತ ಗೋಡೆಯ ಕಡೆ ಕತ್ತೆತ್ತಿದಳು. ಹಾಗೇ ನಿಂತುಬಿಟ್ಟಳು. ಆಮೇಲೆ ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡಳು.